ಒಂದಕ್ಕೆ ಎಪ್ಪತ್ತೆರಡು: ಮೈಸೂರು ಸ್ಕ್ವಾಡ್ರನ್ನಿನ ಒಂದು ಬೆಳಗು

(ಮಾದರಿ ತಯಾರಿಕೆಯ ಹವ್ಯಾಸಿಗಳ ಕೂಟವೊಂದರಲ್ಲಿ ಮೈಸೂರಿನಲ್ಲಿ ನೀಡಿದ ಉಪನ್ಯಾಸದ ಬರಹ ರೂಪ)

ಸ್ನೇಹಿತರೇ,

ಡಯೋರಾಮಾ, ಅಂದರೆ ಒಂದು ದೃಶ್ಯವನ್ನು ಪುಟ್ಟದಾಗಿ ಕಟ್ಟಿ ತೋರಿಸುವ ಮಾದರಿ, ಎಂಬ ಶಬ್ದ ಹೊರಗಿನಿಂದ ಬಂದದ್ದಾದರೂ ಅದು ಸೂಚಿಸುವ ಕೆಲಸ ಮೈಸೂರಿನವರಿಗೆ ಹೊಸದಲ್ಲ. ನವರಾತ್ರಿಯಲ್ಲಿ ಗೊಂಬೆ ಕೂರಿಸುವ ಮನೆಗಳಲ್ಲಿ ಹಂತಗಳ ಮುಂದೆ ಮಣ್ಣು ಹರವಿ, ಕೆಲವು ದಿನ ಮೊದಲೇ ರಾಗಿ ಚೆಲ್ಲಿ ಪೈರು ಬರಿಸಿ, ಒಡೆದ ಕನ್ನಡಿಯ ತುಂಡನ್ನು ಕೆರೆಯೆಂದು ಹುದುಗಿಸಿ, ದಡದಲ್ಲಿ ಬಾತುಕೋಳಿ ನಿಲ್ಲಿಸುವುದನ್ನು ನೋಡಿಕೊಂಡೇ ನಮ್ಮಲ್ಲಿ ಹಲವರು ಬೆಳೆದಿದ್ದೇವೆ. ಅಲ್ಲಿಗೂ ನಾನು ಮಾಡುವ ಕೆಲಸಕ್ಕೂ ಇರುವ ವ್ಯತ್ಯಾಸ ಎರಡೇ. ಗೊಂಬೆ ಹಬ್ಬದಲ್ಲಿ ಶೆಟ್ಟಿ ಮತ್ತು ಶೆಟ್ಟಮ್ಮ ಪಕ್ಕದ ಅರಮನೆಗಿಂತ ಎತ್ತರವಾಗಿದ್ದರೂ ಯಾರೂ ಆಕ್ಷೇಪಿಸುವುದಿಲ್ಲ. ಇಲ್ಲಿ ಎಲ್ಲವೂ ಒಂದೇ ಅಳತೆಗೆ ಒಳಪಡಬೇಕು. ಅಲ್ಲಿ ರಾಮನ ಪಟ್ಟಾಭಿಷೇಕ, ಕ್ರಿಕೆಟ್ ಆಟ, ಮದುವೆಯ ದಿಬ್ಬಣ ಒಟ್ಟೊಟ್ಟಿಗೆ ಇರಬಹುದು; ಇಲ್ಲಿ ಇರುವುದು ಒಂದೇ ಗಳಿಗೆ. ಈ ಎರಡನೆಯ ಕಟ್ಟುಪಾಡಿನ ಬಗ್ಗೆಯೇ ಇಂದು ಹೆಚ್ಚು ಮಾತನಾಡಲು ಬಯಸುತ್ತೇನೆ, ಏಕೆಂದರೆ ಯುದ್ಧವಿಮಾನದ ಡಯೋರಾಮಾ ಕೆಡುವುದು ಬಹುತೇಕ ಕೈಚಳಕ ಸಾಲದೆ ಅಲ್ಲ, ಯಾವ ಗಳಿಗೆ ಎಂಬುದನ್ನು ಮೊದಲು ತೀರ್ಮಾನಿಸದೆ ಕೆಲಸಕ್ಕೆ ಕೂರುವುದರಿಂದ.

ನಾನು ಆಯ್ದುಕೊಂಡದ್ದು ಬ್ರಿಟನ್ನಿನ ವಾಯುಪಡೆಯ 129ನೆಯ ಸ್ಕ್ವಾಡ್ರನ್. ಅದರ ಪೂರ್ಣ ಹೆಸರಿನಲ್ಲಿ, ಆವರಣದೊಳಗೆ, ‘ಮೈಸೂರು’ ಎಂದಿದೆ. ಎರಡನೆಯ ಮಹಾಯುದ್ಧದ ಆರಂಭದ ವರ್ಷಗಳಲ್ಲಿ ವಿಮಾನಗಳಿಗಾಗಿ ದೇಣಿಗೆ ಎತ್ತುವ ದೊಡ್ಡ ಚಳವಳಿಯೇ ನಡೆಯಿತು. ಬ್ರಿಟನ್ನಿನ ಒಂಟಿ ಆಸನದ ಯುದ್ಧವಿಮಾನವಾದ ಸ್ಪಿಟ್‌ಫೈರ್ ಒಂದಕ್ಕೆ 5,000 ಪೌಂಡ್ ಎಂದು ಸಾಂಕೇತಿಕ ಬೆಲೆ ಕಟ್ಟಲಾಗಿತ್ತು, ನಿಜವಾದ ವೆಚ್ಚ ಅದಕ್ಕಿಂತ ಹೆಚ್ಚು. ಊರುಗಳು, ಕಾರ್ಖಾನೆಗಳು, ಸಂಸ್ಥಾನಗಳು ಹಣ ಕೊಟ್ಟವು, ಕೊಟ್ಟವರ ಹೆಸರು ವಿಮಾನಕ್ಕೋ ಇಡೀ ಸ್ಕ್ವಾಡ್ರನ್ನಿಗೋ ಸೇರಿತು. ಹೈದರಾಬಾದಿನ ಹೆಸರು 152 ಮತ್ತು 253ನೆಯ ಸ್ಕ್ವಾಡ್ರನ್ನುಗಳಿಗೂ, ಮದರಾಸು ಪ್ರಾಂತದ ಹೆಸರು 234ನೆಯದಕ್ಕೂ, ಬೊಂಬಾಯಿಯ ಹೆಸರು 132ನೆಯದಕ್ಕೂ ಬಂದವು. 1941ರ ಜೂನ್‌ನಲ್ಲಿ ಯಾರ್ಕ್‌ಶೈರಿನ ಲೆಕನ್‌ಫೀಲ್ಡ್‌ನಲ್ಲಿ ಮತ್ತೆ ಕಟ್ಟಲಾದ 129ನೆಯ ಸ್ಕ್ವಾಡ್ರನ್ನಿಗೆ ಮೈಸೂರಿನ ಹೆಸರಿನ ಜೊತೆಗೆ ನಮ್ಮ ಗಂಡಭೇರುಂಡವೇ ಲಾಂಛನವಾಯಿತು. ಆ ಲಾಂಛನವನ್ನು ಮೊದಲ ಸಲ ನೋಡಿದ ದಿನವೇ ಈ ಡಯೋರಾಮಾ ಮಾಡಬೇಕೆಂದು ನಿಶ್ಚಯಿಸಿದೆ. ಅದೇ ಲಾಂಛನ ಮುಂದೆ ನನ್ನನ್ನು ತಪ್ಪು ದಾರಿಗೆ ಎಳೆಯುವುದರಲ್ಲಿತ್ತು ಎಂಬುದನ್ನು ಕೊನೆಯಲ್ಲಿ ಹೇಳುತ್ತೇನೆ.

ಸ್ಕ್ವಾಡ್ರನ್ ಎಂದ ಮಾತ್ರಕ್ಕೆ ವಿಷಯ ಗೊತ್ತಾದಂತಾಗುವುದಿಲ್ಲ. ಐದು ವರ್ಷಗಳಲ್ಲಿ ಅದು ಹತ್ತಾರು ನೆಲೆಗಳನ್ನು ಬದಲಿಸಿತು. 1944ರ ಏಪ್ರಿಲ್‌ನಲ್ಲಿ ಸ್ಪಿಟ್‌ಫೈರ್ ಬಿಟ್ಟು ಮಸ್ಟಾಂಗ್ ವಿಮಾನಗಳನ್ನು ಪಡೆಯಿತು, ಆ ಬೇಸಿಗೆಯಲ್ಲಿ ಬ್ರೆನ್‌ಜೆಟ್ ನೆಲೆಯಿಂದ ಜರ್ಮನಿಯ ವಿ-1 ಹಾರುಬಾಂಬುಗಳನ್ನು ಬೆನ್ನಟ್ಟಿತು, 1946ರ ಸೆಪ್ಟೆಂಬರ್‌ನಲ್ಲಿ 257 ಎಂಬ ಹೊಸ ಸಂಖ್ಯೆ ಪಡೆದು ಮೈಸೂರಿನ ಹೆಸರನ್ನು ಕಳೆದುಕೊಂಡಿತು. ಈ ಹಾದಿಯಲ್ಲಿ ನಾನು ನಿಂತದ್ದು 1941ರ ಅಕ್ಟೋಬರ್‌ನಲ್ಲಿ, ದಕ್ಷಿಣ ಇಂಗ್ಲೆಂಡಿನ ಸಸೆಕ್ಸಿನ ವೆಸ್ಟ್‌ಹ್ಯಾಂಪ್ನೆಟ್‌ನಲ್ಲಿ. ಚಿಚೆಸ್ಟರ್ ಪಟ್ಟಣದ ಪಕ್ಕದ ಈ ಹುಲ್ಲುಗಾವಲಿನ ನೆಲೆ ಟ್ಯಾಂಗ್‌ಮಿಯರ್ ವಾಯುನೆಲೆಯ ಉಪನೆಲೆ. ಗುಡ್‌ವುಡ್ ಜಮೀನ್ದಾರಿಯ ಭೂಮಿ. ಅದರ ಅಂಚಿನ ಸುತ್ತುರಸ್ತೆಯೇ 1948ರಲ್ಲಿ ಮೋಟಾರು ಪಂದ್ಯದ ಪಥವಾಯಿತೆಂಬುದು ನಿಮ್ಮಲ್ಲಿ ಕಾರುಗಳ ಹುಚ್ಚಿರುವವರಿಗೆ ಗೊತ್ತಿರಬಹುದು. 1941ರ ಆಗಸ್ಟ್ ಕೊನೆಯಲ್ಲಿ ಮೈಸೂರು ಸ್ಕ್ವಾಡ್ರನ್ ಅಲ್ಲಿಗೆ ಬಂದಿತು. ಆಗ ಅದರ ಕೈಯಲ್ಲಿದ್ದದ್ದು ಸ್ಪಿಟ್‌ಫೈರ್ ಮಾರ್ಕ್ ಐದು, ಬಿ ಮಾದರಿಯ ರೆಕ್ಕೆಯದು: 20 ಮಿಲಿಮೀಟರಿನ ಎರಡು ತೋಪುಗಳು, .303 ಅಂಗುಲದ ನಾಲ್ಕು ಮಷೀನ್ ಗನ್ನುಗಳು.

ಈಗ ಅಳತೆಯ ವಿಷಯ. ನನ್ನದು ಒಂದಕ್ಕೆ ಎಪ್ಪತ್ತೆರಡರ ಪ್ರಮಾಣ. ಈ ವಿಚಿತ್ರ ಸಂಖ್ಯೆಯ ಹಿಂದೆ ಇಂಗ್ಲೆಂಡಿನ ಅಡಿ–ಅಂಗುಲದ ಲೆಕ್ಕವಿದೆ: ಮಾದರಿಯ ಒಂದು ಅಂಗುಲ ಎಂದರೆ ನಿಜದ ಆರು ಅಡಿ, ಸರಿಸುಮಾರು ಒಬ್ಬ ಮನುಷ್ಯನ ಎತ್ತರ. 1930ರ ದಶಕದಲ್ಲಿ ಮರದ ಮಾದರಿಗಳೊಂದಿಗೆ ಬಳಕೆಗೆ ಬಂದ ಈ ಪ್ರಮಾಣವನ್ನು ಯುದ್ಧವೇ ಗಟ್ಟಿ ಮಾಡಿತು. ಶತ್ರು ವಿಮಾನ ಯಾವುದು, ಮಿತ್ರ ವಿಮಾನ ಯಾವುದು ಎಂದು ಸೈನಿಕರಿಗೆ ಕಲಿಸಲು 1942ರಲ್ಲಿ ಅಮೆರಿಕದ ನೌಕಾಪಡೆ ಶಾಲಾ ಮಕ್ಕಳಿಂದ 5 ಲಕ್ಷ ಮರದ ಮಾದರಿಗಳನ್ನು ಮಾಡಿಸಲು ಹೊರಟಾಗ ಆಯ್ದ ಪ್ರಮಾಣವೂ ಇದೇ. ಹೀಗಾಗಿ ನಮ್ಮ ಹವ್ಯಾಸದ ಅಳತೆಗೋಲು ಒಂದು ಕಾಲದಲ್ಲಿ ಯುದ್ಧದ ಪಾಠೋಪಕರಣವಾಗಿತ್ತು ಎನ್ನಬಹುದು.

ಸ್ಪಿಟ್‌ಫೈರ್‌ನ ರೆಕ್ಕೆಯ ತುದಿಯಿಂದ ತುದಿಗೆ 11.23 ಮೀಟರ್, ಮಾದರಿಯಲ್ಲಿ ಅದು 15.6 ಸೆಂಟಿಮೀಟರ್. ಇದು ಎಲ್ಲರೂ ಮಾಡುವ ಲೆಕ್ಕ. ಮಾಡದೆ ಬಿಡುವ ಲೆಕ್ಕಗಳು ಬೇರೆ ಇವೆ. ಬಣ್ಣ ಕಿತ್ತು ಲೋಹ ಕಾಣುವಂತೆ ಕುಂಚದ ತುದಿಯಿಂದ ಒಂದು ಮಿಲಿಮೀಟರಿನ ಬೆಳ್ಳಿಯ ಚುಕ್ಕೆ ಇಟ್ಟರೆ, ನಿಜದ ವಿಮಾನದಲ್ಲಿ ಅಂಗೈಯಗಲದಷ್ಟು, ಅಂದರೆ 7.2 ಸೆಂಟಿಮೀಟರ್ ಬಣ್ಣ ಉದುರಿದಂತಾಯಿತು. ಕಿಟ್ಟಿನ, ಅಂದರೆ ಜೋಡಿಸಲು ಸಿಗುವ ಪ್ಲಾಸ್ಟಿಕ್ ಬಿಡಿಭಾಗಗಳ, ಮೇಲೆ ಕೊರೆದಿರುವ ತಗಡಿನ ಕೂಡುಗೆರೆ 0.3 ಮಿಲಿಮೀಟರ್ ಅಗಲವಿದ್ದರೆ, ನಿಜದಲ್ಲಿ ಎರಡು ಸೆಂಟಿಮೀಟರಿಗೂ ಮೀರಿದ ಬಿರುಕು; ಅಂಥ ವಿಮಾನವನ್ನು ಯಾವ ಚಾಲಕನೂ ಹತ್ತಲಾರ. ಆ ಗೆರೆಗಳಿಗೆ ಕಪ್ಪು ಬಣ್ಣ ಹರಿಸಿ ಎದ್ದು ಕಾಣಿಸುವ ಪದ್ಧತಿ ಇಂದು ಎಲ್ಲೆಡೆ ಇದೆ, ಬಹುಮಾನಗಳೂ ಬರುತ್ತವೆ, ನನಗೆ ಮಾತ್ರ ಅದು ಮಗುವಿನ ಕಣ್ಣಿಗೆ ಅತಿಯಾಗಿ ತೀಡಿದ ಕಾಡಿಗೆಯಂತೆ ಕಾಣುತ್ತದೆ. ಮಾದರಿಯನ್ನು ನಾವು ಒಂದಡಿ ದೂರದಿಂದ ನೋಡುತ್ತೇವೆ. 30 ಸೆಂಟಿಮೀಟರನ್ನು 72ರಿಂದ ಗುಣಿಸಿದರೆ 21.6 ಮೀಟರ್. ಇಪ್ಪತ್ತೊಂದು ಮೀಟರ್ ಆಚೆ ನಿಂತ ವಿಮಾನದಲ್ಲಿ ಕಣ್ಣಿಗೆ ಏನು ಕಾಣುತ್ತದೆಯೋ ಅಷ್ಟನ್ನೇ ಮಾಡಬೇಕು. ಬಣ್ಣವನ್ನೂ ಡಬ್ಬಿಯಲ್ಲಿದ್ದಂತೆಯೇ ಬಳಿಯದೆ ಒಂದು ಚೂರು ತಿಳಿಯಾಗಿಸುವುದು ಇದೇ ಕಾರಣಕ್ಕೆ: ಅಷ್ಟು ಗಾಳಿ ನಡುವೆ ಇದೆ.

ಬಣ್ಣದ ಮಾತು ಬಂದಾಗ ತಾರೀಖಿನ ಮಹತ್ವ ಗೊತ್ತಾಗುತ್ತದೆ. 1940ರ ಬ್ರಿಟನ್ ಕದನದಲ್ಲಿ ಸ್ಪಿಟ್‌ಫೈರ್‌ಗಳ ಮೇಲ್ಭಾಗಕ್ಕೆ ಕಡು ಹಸಿರು ಮತ್ತು ಮಣ್ಣಿನ ಕಂದು ಇತ್ತು, ಹೊಟ್ಟೆಗೆ ತಿಳಿ ಹಸಿರು ಬೆರೆತ ‘ಸ್ಕೈ’ ಎಂಬ ಬಣ್ಣ. ಆಗ ವಿಮಾನಗಳು ತಮ್ಮದೇ ಹೊಲಗದ್ದೆಗಳ ಮೇಲೆ ಹೋರಾಡುತ್ತಿದ್ದವು. ಮರುವರ್ಷ ಅವು ಇಂಗ್ಲಿಷ್ ಕಡಲ್ಗಾಲುವೆ ದಾಟಿ ಫ್ರಾನ್ಸಿನ ಮೇಲೆ ಎತ್ತರದಲ್ಲಿ ಹೋಗತೊಡಗಿದಾಗ ಕಂದು ಬಣ್ಣ ಮರೆಮಾಚುವ ಬದಲು ತೋರಿಸಿಕೊಡತೊಡಗಿತು. ಆದ್ದರಿಂದ 1941ರ ಆಗಸ್ಟ್‌ನಲ್ಲಿ ಕಂದಿನ ಜಾಗಕ್ಕೆ ‘ಓಷನ್ ಗ್ರೇ’ ಎಂಬ ಬೂದು, ಹೊಟ್ಟೆಗೆ ‘ಮೀಡಿಯಂ ಸೀ ಗ್ರೇ’ ಎಂಬ ತಿಳಿ ಬೂದು ಬಂತು. ರೆಕ್ಕೆಯ ಮುಂಚೂಣಿಗೆ ಹಳದಿ ಪಟ್ಟಿ ಸೇರಿತು. ಹೊಸ ಬೂದು ಎಲ್ಲ ನೆಲೆಗಳಿಗೂ ಮುಟ್ಟುವ ತನಕ ಏಳು ಪಾಲು ಮೀಡಿಯಂ ಸೀ ಗ್ರೇಗೆ ಒಂದು ಪಾಲು ಕಪ್ಪು ಬೆರೆಸಿಕೊಳ್ಳಬಹುದೆಂದು ಅನುಮತಿಯಿತ್ತು. ಮೈಸೂರು ಸ್ಕ್ವಾಡ್ರನ್ ವೆಸ್ಟ್‌ಹ್ಯಾಂಪ್ನೆಟ್‌ಗೆ ಬಂದದ್ದು ಸರಿಯಾಗಿ ಈ ಬದಲಾವಣೆಯ ನಡುವೆ.

ಎರಡು ತಿಂಗಳ ಅಂತರದಲ್ಲಿ ಒಂದೇ ವಿಮಾನ ಎರಡು ಬಗೆಯಾಗುವ ಈ ಸಂಧಿಕಾಲವೇ ನನ್ನ ಮಾದರಿಯ ಜೀವಾಳವಾಯಿತು. ಮೊದಲು ಇಡೀ ವಿಮಾನಕ್ಕೆ ಹಳೆಯ ಕಂದು–ಹಸಿರು ಬಳಿದೆ. ಅದು ಒಣಗಿದ ಮೇಲೆ, ಏಳಕ್ಕೆ ಒಂದರ ಲೆಕ್ಕದಲ್ಲಿ ನಾನೇ ಬೆರೆಸಿದ ಬೂದನ್ನು ಗಾಳಿಯಿಂದ ಬಣ್ಣ ಚಿಮುಕಿಸುವ ಏರ್‌ಬ್ರಷ್‌ನಿಂದ ಕಂದಿನ ಮೇಲೆ ತೆಳುವಾಗಿ ಹಾಯಿಸಿದೆ. ಚಾಲಕ ಹತ್ತುವ ಎಡರೆಕ್ಕೆಯ ಬುಡದಲ್ಲಿ ಬೂದು ಸವೆದಿರುವ ಕಡೆ ಹಳೆಯ ಕಂದು ಇಣುಕುತ್ತದೆ, ಅದೂ ಸವೆದ ಕಡೆ ಅಲ್ಯೂಮಿನಿಯಂ. ಎಡರೆಕ್ಕೆ ಎಂದು ಒತ್ತಿ ಹೇಳಿದ್ದಕ್ಕೆ ಕಾರಣವಿದೆ: ಸ್ಪಿಟ್‌ಫೈರ್‌ನ ಚಾಲಕ ಕೋಶದ ಬಾಗಿಲು ಇರುವುದು ಎಡಕ್ಕೆ ಮಾತ್ರ. ಎರಡೂ ರೆಕ್ಕೆಗಳನ್ನು ಸಮಸಮವಾಗಿ ಸವೆಸಿದ ಮಾದರಿಗಳನ್ನು ಸ್ಪರ್ಧೆಗಳಲ್ಲಿ ಬೇಕಾದಷ್ಟು ಕಂಡಿದ್ದೇನೆ. ಹಾಗೆಯೇ ಬಾಲದ ಚುಕ್ಕಾಣಿಯೂ, ವಿಮಾನದ ಮೂಗನ್ನು ಮೇಲೆ ಕೆಳಗೆ ಮಾಡುವ ಎಲಿವೇಟರುಗಳೂ ಬಟ್ಟೆ ಹೊದಿಸಿದವು. ಅಲ್ಲಿ ಬಣ್ಣ ಕಿತ್ತರೆ ಬೆಳ್ಳಿಯ ಲೋಹ ಕಾಣಲು ಲೋಹವೇ ಇಲ್ಲ.

ಗುರುತುಗಳನ್ನು ಹೆಚ್ಚು ವಿವರಿಸುವುದಿಲ್ಲ. ಬಾಲದ ಮುಂದಿನ ಸ್ಕೈ ಬಣ್ಣದ ಪಟ್ಟಿ 18 ಅಂಗುಲ ಅಗಲ, ಮಾದರಿಯಲ್ಲಿ 6.35 ಮಿಲಿಮೀಟರ್. ಒಡಲಿನ ವೃತ್ತದ ಗುರುತಿಗೆ ಅಗಲವಾದ ಹಳದಿ ಹೊರಸುತ್ತು ಇರಬೇಕು, ಅದು ತೆಳ್ಳಗಾದದ್ದು 1942ರಲ್ಲಿ. ಸ್ಕ್ವಾಡ್ರನ್ನಿನ ಸಂಕೇತಾಕ್ಷರಗಳು ಡಿ ಮತ್ತು ವಿ. ಹಳೆಯ ಕಪ್ಪುಬಿಳುಪು ಚಿತ್ರಗಳನ್ನು ಆಧಾರವಾಗಿ ಇಟ್ಟುಕೊಳ್ಳುವವರಿಗೆ ಒಂದು ಎಚ್ಚರಿಕೆ ಮಾತ್ರ: ಕೆಂಪಿಗೆ ಸ್ಪಂದಿಸದ ಆರ್ಥೋಕ್ರೊಮ್ಯಾಟಿಕ್ ಫಿಲ್ಮಿನಲ್ಲಿ ಹಳದಿ ಕಪ್ಪಾಗಿಯೂ ನೀಲಿ ತಿಳಿಯಾಗಿಯೂ ಮೂಡುತ್ತದೆ. ಆ ಫಿಲ್ಮಿನ ಚಿತ್ರ ನೋಡಿ ಹಳದಿ ಸುತ್ತೇ ಇಲ್ಲವೆಂದು ತೀರ್ಮಾನಿಸಿದವರಿದ್ದಾರೆ. ಒಂದು ಕಾಲದಲ್ಲಿ ನಾನೂ ಅವರಲ್ಲೊಬ್ಬ.

ಕಟ್ಟುವ ಕೆಲಸದಲ್ಲಿ ಆದ ಎರಡು ಅನಾಹುತಗಳನ್ನು ಹೇಳಿ ಮುಂದೆ ಹೋಗುತ್ತೇನೆ. ಪ್ಲಾಸ್ಟಿಕ್ ಕಿಟ್ಟಿನ ಅಂಟು ನಿಜವಾಗಿ ಅಂಟಲ್ಲ, ಪಾಲಿಸ್ಟೈರೀನನ್ನು ಕರಗಿಸಿ ಬೆಸೆಯುವ ದ್ರಾವಕ. ಚಾಲಕನ ಮೇಲಿನ ಪಾರದರ್ಶಕ ಮುಚ್ಚಳಕ್ಕೆ ಅದನ್ನು ತಾಕಿಸಬಾರದೆಂದು ತಿಳಿದು, ಬದಲಿಗೆ ತಟ್ಟನೆ ಹಿಡಿಯುವ ಸೂಪರ್ ಗ್ಲೂ ಬಳಸಿದೆ. ಅದರ ಆವಿ ರಾತ್ರಿಯಿಡೀ ಒಳಗೆ ಸುಳಿದಾಡಿ ಬೆಳಗಾಗುವಷ್ಟರಲ್ಲಿ ಗಾಜಿನಂತಿದ್ದ ಮುಚ್ಚಳ ಹಾಲುಗಾಜಾಗಿತ್ತು. ಈಗ ಅಲ್ಲಿಗೆ ಬಡಗಿಯ ಬಿಳಿ ಫೆವಿಕಾಲನ್ನೇ ಬಳಸುತ್ತೇನೆ, ಒಣಗಿದಾಗ ಅದು ಕಾಣುವುದಿಲ್ಲ. ಎರಡನೆಯದು ಆಷಾಢದ ಮಳೆಯಲ್ಲಿ ಲ್ಯಾಕರ್ ವಾರ್ನಿಶ್ ಹೊಡೆದದ್ದು. ದ್ರಾವಕ ಬೇಗ ಆರಿ ಮೇಲ್ಮೈ ತಣ್ಣಗಾದಾಗ ಗಾಳಿಯ ತೇವ ಅದರ ಮೇಲೆ ಕೂತು ಬಿಳುಪು ಹಿಡಿಯುತ್ತದೆ. ಎಮರಿ ಪೇಪರಿನಲ್ಲಿ ಉಜ್ಜಿ ತೆಗೆದು ಮತ್ತೆ ಬಣ್ಣ ಬಳಿಯಲು ಮೂರು ವಾರ ಹಿಡಿಯಿತು. ಮಳೆ ನಿಂತ ಮೇಲೆ ಹೊಡೆಯಬಹುದಿತ್ತಲ್ಲ ಎಂದು ಮನೆಯವರು ಕೇಳಿದ್ದಕ್ಕೆ ಉತ್ತರವಿರಲಿಲ್ಲ.

ನೆಲದ ಕೆಲಸಕ್ಕೆ ಬರೋಣ. ಪ್ಲೈವುಡ್ಡಿನ ಮೇಲೆ ಥರ್ಮೋಕೋಲ್, ಅದರ ಮೇಲೆ ನೀರು ಬೆರೆಸಿದ ಫೆವಿಕಾಲ್, ಮರದ ಪುಡಿ ಮತ್ತು ಜರಡಿ ಹಿಡಿದ ಮಣ್ಣು. ಹಲಗೆಯ ಒಂದೇ ಮುಖ ನೆನೆದರೆ ಅದು ಹಪ್ಪಳದಂತೆ ಬಾಗುತ್ತದೆ, ಆದ್ದರಿಂದ ಕೆಳಮುಖಕ್ಕೂ ಮೊದಲೇ ಬಣ್ಣ ಬಳಿದಿರಬೇಕು. ಕುದಿಸಿ ಸೋಸಿದ ಚಹಾಪುಡಿಯನ್ನು ಬಿಸಿಲಲ್ಲಿ ಒಣಗಿಸಿ ಉದುರಿಸಿದರೆ ಕೊಳೆತ ಎಲೆಗಳ ನೆಲ ಸಿಗುತ್ತದೆ. ಇಂಗ್ಲೆಂಡಿನ ಅಕ್ಟೋಬರ್‌ಗೆ ಅದಕ್ಕಿಂತ ಒಳ್ಳೆಯ ಸಾಮಗ್ರಿ ನನಗೆ ಕಂಡಿಲ್ಲ. ಹುಲ್ಲಿನಲ್ಲಿ ಬಹಳ ಜನ ಎಡವುತ್ತಾರೆ. ಅಂಗಡಿಯಲ್ಲಿ ಸಿಗುವ ಆರು ಮಿಲಿಮೀಟರಿನ ಕೃತಕ ಹುಲ್ಲು ಈ ಪ್ರಮಾಣದಲ್ಲಿ 43 ಸೆಂಟಿಮೀಟರ್ ಎತ್ತರದ ಹುಲ್ಲು. ವಿಮಾನ ಇಳಿಯುವ ಬಯಲಿನಲ್ಲಿ ಅದನ್ನು ಬೆಳೆಯಗೊಡುತ್ತಿರಲಿಲ್ಲ. ಒಂದೂವರೆ ಮಿಲಿಮೀಟರಿಗೆ ಕತ್ತರಿಸಿ, ಚಕ್ರ ಹಾಯ್ದಲ್ಲಿ, ಜನ ನಡೆದಾಡುವಲ್ಲಿ ಬೋಳು ಬಿಟ್ಟೆ. ಬೇಲಿಯ ಪೊದೆಗೆ ಮಾತ್ರ ತೆಂಗಿನ ನಾರು.

ಈಗ ಮುಖ್ಯ ಪ್ರಶ್ನೆ: ಈ ನೆಲದ ಮೇಲೆ ಏನು ನಡೆಯುತ್ತಿದೆ? ಯುದ್ಧವಿಮಾನವೆಂದರೆ ಬೆಂಕಿ, ಹೊಗೆ, ಉರುಳುವಿಕೆ ತೋರಿಸಬೇಕೆಂಬ ಆಸೆ ಎಲ್ಲರಿಗೂ ಬರುತ್ತದೆ. ಹತ್ತಿಯನ್ನು ಕಪ್ಪು ಬಳಿದು ಹೊಗೆಯೆಂದು ಅಂಟಿಸಿದ ಒಂದು ಮಾದರಿ ನನ್ನ ಮನೆಯ ಅಟ್ಟದಲ್ಲಿಯೂ ಇದೆ. ಮಾದರಿ ಚಲಿಸುವುದಿಲ್ಲ, ಚಲಿಸುತ್ತಿರುವುದನ್ನು ಚಲಿಸದ ವಸ್ತುವಿನಲ್ಲಿ ತೋರಿಸಿದಾಗ ನೋಡುವವನ ಕಣ್ಣು ಅರೆಕ್ಷಣದಲ್ಲಿ ಮೋಸವನ್ನು ಹಿಡಿಯುತ್ತದೆ. ನಿಜದಲ್ಲಿಯೂ ನಿಶ್ಚಲವಾಗಿದ್ದ ಗಳಿಗೆಯನ್ನು ಆಯ್ದುಕೊಂಡರೆ ಮಾತ್ರ ಮೋಸವಿಲ್ಲ. ಫೈಟರ್ ಸ್ಕ್ವಾಡ್ರನ್ನಿನ ದಿನದಲ್ಲಿ ಅಂಥ ಗಳಿಗೆಗಳಿಗೆ ಬರವಿರಲಿಲ್ಲ. ಹಾರಾಟ ಒಂದೂವರೆ ಗಂಟೆಯೊಳಗೆ ಮುಗಿಯುತ್ತಿತ್ತು, ಕಾಯುವುದು ದಿನವಿಡೀ. ಹಾಗಾಗಿ ನನ್ನ ವಿಮಾನ ಕಾಯುತ್ತಿದೆ.

ಕಾಯುತ್ತಿರುವ ವಿಮಾನಕ್ಕೆ ಅದರದೇ ಗುರುತುಗಳಿವೆ. ಎಂಜಿನ್ ಚಾಲೂ ಮಾಡುವ ಬ್ಯಾಟರಿ ಗಾಡಿಯನ್ನು ತಂತಿಯಿಂದ ಸೇರಿಸಿಟ್ಟಿದ್ದಾರೆ. ಓಡಿ ಬಂದವನಿಗೆ ತಡವಾಗದಂತೆ ಪ್ಯಾರಾಶೂಟನ್ನು ರೆಕ್ಕೆಯ ಮೇಲೆ ಇಟ್ಟು, ಆಸನದ ಪಟ್ಟಿಗಳನ್ನು ಬಾಗಿಲಿನಾಚೆ ಇಳಿಬಿಟ್ಟಿದ್ದಾರೆ. ಮಷೀನ್ ಗನ್ನುಗಳ ಬಾಯಿಗೆ ಅಂಟಿಸುತ್ತಿದ್ದ ಕೆಂಪು ಬಟ್ಟೆಯ ತುಂಡುಗಳು ಹರಿದಿಲ್ಲ. ಧೂಳು, ತೇವ ಒಳಗೆ ಹೋಗಿ ಎತ್ತರದಲ್ಲಿ ಗನ್ನು ಹೆಪ್ಪುಗಟ್ಟದಿರಲೆಂದು ಹಾಕುತ್ತಿದ್ದ ಈ ತುಂಡುಗಳು ಮೊದಲ ಗುಂಡಿಗೇ ಹರಿಯುತ್ತಿದ್ದವು. ಅವು ಇಡಿಯಾಗಿವೆ ಎಂದರೆ ಈ ವಿಮಾನ ಇಂದು ಇನ್ನೂ ಗುಂಡು ಹಾರಿಸಿಲ್ಲ ಎಂದರ್ಥ. ನೆಲಕ್ಕಿಳಿಯುವಾಗ ವೇಗ ತಗ್ಗಿಸಲು ಕೆಳಗಿಳಿಸುವ ರೆಕ್ಕೆಯ ಫ್ಲಾಪುಗಳು ಮುಚ್ಚಿವೆ. ಕಿಟ್ ತಯಾರಕರು ಫ್ಲಾಪುಗಳನ್ನು ಬಿಡಿಯಾಗಿ ಕೊಟ್ಟಿದ್ದಾರೆಂಬ ಒಂದೇ ಕಾರಣಕ್ಕೆ ಅವನ್ನು ಇಳಿಸಿ ತೋರಿಸುವವರು ಬಹಳ. ಇಳಿದೊಡನೆ ಅವನ್ನು ಮೇಲೆತ್ತುವುದು ಸ್ಪಿಟ್‌ಫೈರ್ ಚಾಲಕರ ರೂಢಿ. ಚಾಲಕ ಚಾಲನೆಯ ಹಿಡಿಯನ್ನು ಸಡಿಲಬಿಟ್ಟಾಗ ತಮ್ಮ ಭಾರಕ್ಕೆ ಜೋತುಬೀಳುವುದು ಬಾಲದ ಎಲಿವೇಟರುಗಳು. ಅವನ್ನು ಕತ್ತರಿಸಿ ಸ್ವಲ್ಪ ಕೆಳಕ್ಕೆ ಬಾಗಿಸಿದೆ.

ಮನುಷ್ಯರು ಆರು ಮಂದಿ, ತಲಾ 24 ಮಿಲಿಮೀಟರ್. ಇಬ್ಬರು ಚಾಲಕರು ಹಳದಿ ತೇಲುಜಾಕೀಟು ತೊಟ್ಟು ಬಟ್ಟೆಕುರ್ಚಿಗಳಲ್ಲಿ ಒರಗಿದ್ದಾರೆ, ಒಬ್ಬನ ಮುಖದ ಮೇಲೆ ಪತ್ರಿಕೆ. ಮೂವರು ನೆಲಸಿಬ್ಬಂದಿ ವಿಮಾನದ ಮುಂದೆ ಮಾತಾಡುತ್ತ ನಿಂತಿದ್ದಾರೆ. ಮೊದಲು ಒಬ್ಬನನ್ನು ಬಾಲದ ಮೇಲೆ ಕೂರಿಸಿದ್ದೆ. ಅದು ತಮಾಷೆಯಲ್ಲ, ಸ್ಪಿಟ್‌ಫೈರ್‌ನ ಬಾಲ ಹಗುರ, ಗಾಳಿಯಲ್ಲಿಯೋ ಕೆಸರಿನಲ್ಲಿಯೋ ಎಂಜಿನ್ ಜೋರು ಮಾಡಿದರೆ ಮೂಗು ನೆಲಕ್ಕೆ ಕುಕ್ಕೀತೆಂದು ಆಳುಗಳು ಬಾಲದ ಮೇಲೆ ಕೂರುತ್ತಿದ್ದರು. 1945ರ ಫೆಬ್ರವರಿಯಲ್ಲಿ ಹಿಬಲ್ಡ್‌ಸ್ಟೋ ನೆಲೆಯಲ್ಲಿ ಮಾರ್ಗರೆಟ್ ಹಾರ್ಟನ್ ಎಂಬ ಮಹಿಳಾ ಸಿಬ್ಬಂದಿ ಹಾಗೆ ಕೂತಿದ್ದಾಗಲೇ ವಿಮಾನ ಮೇಲೇರಿಬಿಟ್ಟಿತು, ಆಕೆ ಬಾಲವನ್ನು ತಬ್ಬಿಕೊಂಡು ಒಂದು ಸುತ್ತು ಹೋಗಿ ಸುರಕ್ಷಿತವಾಗಿ ಇಳಿದಳು. ಕಥೆ ಚೆನ್ನಾಗಿದೆ, ಆದರೆ ಎಂಜಿನ್ ನಿಂತಿರುವ ವಿಮಾನದ ಬಾಲದ ಮೇಲೆ ಕೂರಲು ಯಾರಿಗೂ ಕಾರಣವಿರಲಿಲ್ಲ. ಅವನನ್ನು ಇಳಿಸಿದೆ. ಆರನೆಯವನು ಅವನೇ, ಎಲ್ಲಿ ನಿಂತಿದ್ದಾನೆಂದು ಹೇಳುತ್ತೇನೆ.

ಬೆಳಕಿನ ಬಗ್ಗೆ ಒಂದು ಮಾತು. 1822ರಲ್ಲಿ ಪ್ಯಾರಿಸಿನಲ್ಲಿ ಲೂಯಿ ದಗೇರ್ ಮತ್ತು ಶಾರ್ಲ್ ಬೂತೋ ಡಯೋರಾಮಾ ಎಂಬ ಹೆಸರಿನ ರಂಗಮಂದಿರ ತೆರೆದಾಗ ಅಲ್ಲಿ ಗೊಂಬೆಯೂ ಇರಲಿಲ್ಲ, ಮಾದರಿಯೂ ಇರಲಿಲ್ಲ; ಅರೆಪಾರದರ್ಶಕ ಬಟ್ಟೆಯ ಮೇಲಿನ ಬೃಹತ್ ಚಿತ್ರದ ಹಿಂದುಮುಂದಿನ ಬೆಳಕನ್ನು ಬದಲಿಸಿ ಹಗಲನ್ನು ಇರುಳಾಗಿಸುತ್ತಿದ್ದರು. ನಾವು ಹೆಸರನ್ನು ಉಳಿಸಿಕೊಂಡು ಬೆಳಕನ್ನು ಮರೆತೆವು. ನನ್ನ ಮಾದರಿ ಮುಗಿದಾಗ ಅದನ್ನು ತಾರಸಿಗೆ ಒಯ್ದು ಚಿತ್ರ ತೆಗೆದೆ, ಎಲ್ಲವೂ ಸರಿಯಿದ್ದೂ ಏನೋ ಸುಳ್ಳಾಗಿತ್ತು. ಹಿಡಿದದ್ದು ಎರಡು ದಿನದ ಮೇಲೆ. ಅಕ್ಟೋಬರ್ ನಡುವಿನಲ್ಲಿ ಮೈಸೂರಿನ ನಡುಹಗಲ ಸೂರ್ಯ ದಿಗಂತದಿಂದ ಸುಮಾರು 69 ಡಿಗ್ರಿ ಮೇಲೆ ಇರುತ್ತಾನೆ. ಸಸೆಕ್ಸಿನಲ್ಲಿ 30 ಡಿಗ್ರಿಯಷ್ಟೇ. ನನ್ನ ವಿಮಾನದ ನೆರಳು ಅದರ ಹೊಟ್ಟೆಯ ಕೆಳಗೇ ಮುದುಡಿತ್ತು. ಅಲ್ಲಿ ಅದು ರೆಕ್ಕೆಯಿಂದಾಚೆ ಹುಲ್ಲಿನ ಮೇಲೆ ಉದ್ದಕ್ಕೆ ಮಲಗಬೇಕು. ಈಗ ಗಾಜಿನ ಪೆಟ್ಟಿಗೆಯ ಒಂದು ಪಕ್ಕದಲ್ಲಿ, ತಗ್ಗಿನಲ್ಲಿ, ಸ್ವಲ್ಪ ಹಳದಿ ಬೆರೆತ ಒಂದೇ ದೀಪವಿದೆ. ಬೆಳಗಿನ ಹತ್ತು ಗಂಟೆಯ ನೆರಳು ಬೀಳುವಂತೆ ಅದರ ಕೋನ ಇಟ್ಟಿದ್ದೇನೆ.

ಕೊನೆಗೆ ಗಂಡಭೇರುಂಡ. ಎಂಜಿನ್ ಕವಚದ ಮೇಲೆ ಅದನ್ನು ಚಿತ್ರಿಸಲು ಕೈ ಎಷ್ಟು ತುಡಿಯಿತೆಂದು ಮೈಸೂರಿನವರಾದ ನಿಮಗೆ ಹೇಳಬೇಕಾಗಿಲ್ಲ. ಆರು ಮಿಲಿಮೀಟರಿನಷ್ಟು ಚಿಕ್ಕದಾಗಿ, ಮಾದರಿಯ ಮೇಲೆ ಅಂಟಿಸುವ ಚಿತ್ರಗಳ ಡೆಕಲ್ ಹಾಳೆಯ ಮೇಲೆ ಮುದ್ರಿಸಿಯೂ ಇಟ್ಟುಕೊಂಡಿದ್ದೆ. ಆದರೆ ಸ್ಕ್ವಾಡ್ರನ್ನಿಗೆ ಲಾಂಛನ ಇರುವುದು ಬೇರೆ, ಯುದ್ಧಕಾಲದ ವಿಮಾನದ ಮೈಮೇಲೆ ಅದನ್ನು ಬರೆದಿರುವುದು ಬೇರೆ. ಚಿತ್ರದ ಸಾಕ್ಷ್ಯವಿಲ್ಲದೆ ಬರೆದರೆ ಇಷ್ಟು ಹೊತ್ತು ನಿಮಗೆ ಹೇಳಿದ ತಾರೀಖಿನ ಶಿಸ್ತೆಲ್ಲ ನೀರುಪಾಲು. ಗಂಡಭೇರುಂಡ ಈಗ ಪೀಠದ ಹಿತ್ತಾಳೆ ಫಲಕದ ಮೇಲಿದೆ, ಸ್ಕ್ವಾಡ್ರನ್, ನೆಲೆ ಮತ್ತು ತಿಂಗಳಿನ ಹೆಸರಿನ ಪಕ್ಕದಲ್ಲಿ.

ಅದೇ ಶಿಸ್ತು ಇನ್ನೊಂದು ಕಡೆ ಕಾಡಿತು. ಡಿ, ವಿ ಅಕ್ಷರಗಳ ಜೊತೆ, ವೃತ್ತದ ಆಚೆಗೆ, ಪ್ರತಿ ವಿಮಾನಕ್ಕೂ ಅದರದೇ ಮೂರನೆಯ ಅಕ್ಷರವಿರುತ್ತದೆ, ಬಾಲದ ಬಳಿ ಅದರದೇ ಸಂಖ್ಯೆ. ಅವೆರಡನ್ನು ಬರೆದೊಡನೆ ಅದು ಯಾರೋ ಒಬ್ಬ ನಿರ್ದಿಷ್ಟ ಚಾಲಕ ಹತ್ತಿ ಇಳಿದ, ಬಹುಶಃ ಹತ್ತಿ ಇಳಿಯದೆ ಹೋದ ವಿಮಾನವಾಗುತ್ತದೆ. ಅಂದಾಜಿನ ಮೇಲೆ ಅದನ್ನು ಬರೆಯಲು ಮನಸ್ಸು ಒಪ್ಪಲಿಲ್ಲ. ಸಂಖ್ಯೆಯ ಎತ್ತರ ಮಾದರಿಯಲ್ಲಿ ಮೂರು ಮಿಲಿಮೀಟರಿಗಿಂತ ಕಡಿಮೆ, ಅಕ್ಷರದ್ದು ಎಂಟೂವರೆ. ಬಾಲದಿಂದ ಇಳಿಸಿದ ಆರನೆಯವನನ್ನು, ಒಡಲಿಗೆ ಬೆನ್ನು ಕೊಟ್ಟು, ಕೋಟು ಅಗಲಕ್ಕೆ ಬಿಚ್ಚಿ ಬೀಡಿ... ಕ್ಷಮಿಸಿ, ಸಿಗರೇಟು ಹುಡುಕುತ್ತಿರುವಂತೆ ಅಲ್ಲಿ ನಿಲ್ಲಿಸಿದೆ. ವಿಮಾನದ ಇನ್ನೊಂದು ಪಕ್ಕ ಪೆಟ್ಟಿಗೆಯ ಹಿಂಗೋಡೆಯತ್ತ ತಿರುಗಿದೆ. ಪ್ರದರ್ಶನಕ್ಕೆ ಬಂದವರಲ್ಲಿ ಕೆಲವರು ಗಾಜಿಗೆ ಕೆನ್ನೆ ಒತ್ತಿ ಅವನ ಹಿಂದೆ ಯಾವ ಅಕ್ಷರವಿದೆ ಎಂದು ಇಣುಕಿ ನೋಡುತ್ತಾರೆ. ಅಲ್ಲಿ ಬೂದು, ಹಸಿರು ಬಣ್ಣ ಬಿಟ್ಟರೆ ಏನೂ ಇಲ್ಲ.